ಎರಡು ಅಚ್ಚು ಬೆಲ್ಲ ಮತ್ತು ಒಂದು ರೋಮನ್ ಕಮಾನು

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕಟ್ಟಡಗಾರರು ಸುಣ್ಣಕ್ಕೆ ಬೆಂಕಿಬೆಟ್ಟದ ಬೂದಿ ಬೆರೆಸಿ, ಮುಷ್ಟಿಗಾತ್ರದ ಕಲ್ಲಿನ ತುಂಡುಗಳನ್ನು ಅದರಲ್ಲಿ ಸಾಲಾಗಿ ಕೂರಿಸಿ, ಕಂಬಗಳ ಕಾಟವಿಲ್ಲದ ಕಮಾನು ಚಾವಣಿಗಳನ್ನೂ ಆಕಾಶದಂಥ ಗುಮ್ಮಟಗಳನ್ನೂ ಎತ್ತಿ ನಿಲ್ಲಿಸಿದ ವಿದ್ಯೆಯನ್ನು ಪುಸ್ತಕದಲ್ಲಿ ಓದಿ ಬಲ್ಲವರು ಲಂಡನ್ನಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಅಂಗೈಯಲ್ಲಿ ಹಿಡಿದು ಬಲ್ಲವರು ಬೆರಳೆಣಿಕೆಯಷ್ಟು. ಆ ಎಣಿಕೆಯನ್ನು ಮೊದಲು ಮಾಡಬೇಕಾದದ್ದು ಶ್ರೀ ಮಂಜಯ್ಯನವರ ಹೆಸರಿನಿಂದ. ಅಕ್ಸ್‌ಬ್ರಿಡ್ಜಿನಿಂದ ಎರಡು ಬಸ್ಸಿನಾಚೆ ಇರುವ ಎಂಜಿನಿಯರಿಂಗ್ ಕಾಲೇಜಿನ ಕಾಂಕ್ರೀಟ್ ಲ್ಯಾಬಿನಲ್ಲಿ ಮೂವತ್ಮೂರು ವರ್ಷ ತಂತ್ರಜ್ಞರಾಗಿ ದುಡಿದು, ಇದೇ ಸೆಪ್ಟೆಂಬರ್ ಮೂವತ್ತರಂದು ನಿವೃತ್ತರಾಗುತ್ತಿರುವ ಅವರ ಹೆಸರಿನ ಹಿಂದೆ ಡಾಕ್ಟರೇಟಿಲ್ಲ, ಮುಂದೆ ಪದವಿಗಳ ಸರಮಾಲೆಯಿಲ್ಲ. ಆದರೂ ಈ ಅಭಿನಂದನ ಸಂಪುಟಕ್ಕೆ ಬರೆದ ಹದಿನೇಳು ಜನ ಡಾಕ್ಟರುಗಳಲ್ಲಿ ಹದಿನೈದು ಮಂದಿ ಅವರಿಂದಲೇ ಕರಣೆ ಹಿಡಿಯಲು ಕಲಿತವರು.

ಸಂಪುಟದ ಸುದ್ದಿ ಹೇಳಲು ಸಂಪಾದಕ ಮಂಡಳಿಯ ಶಿವಪ್ರಕಾಶರು ಮನೆಗೆ ಹೋದಾಗ ಮಂಜಯ್ಯನವರು ಒಂದೇ ಷರತ್ತು ಹಾಕಿದರು. ಬೆಲ್ಲದ ಕಥೆ ಪುಸ್ತಕದಲ್ಲಿ ಬರಬೇಕು, ಪೂರ್ತಿಯಾಗಿ ಬರಬೇಕು. ಅಭಿನಂದನ ಗ್ರಂಥದಲ್ಲಿ ಯಾರಾದರೂ ತಪ್ಪು ಬರೆಯುತ್ತಾರೆಯೇ ಸ್ವಾಮಿ ಎಂದು ಶಿವಪ್ರಕಾಶರು ಎಷ್ಟು ಹೇಳಿದರೂ ಅವರು ಜಪ್ಪಯ್ಯ ಎನ್ನಲಿಲ್ಲ. "ಹಾಂಗಾರೆ ಪುಸ್ತಕವೇ ಬ್ಯಾಡ ಮಾರ್ರೆ. ಚಾ ಕುಡ್ದ್ ಹೋಯ್ನಿ" ಎಂದು ಮಾತು ಮುಗಿಸಿದರು. ಹೀಗಾಗಿ ಹೊಗಳಲು ಹೊರಟ ಲೇಖನದಲ್ಲಿ, ಹೊಗಳಿಸಿಕೊಳ್ಳಬೇಕಾದವರ ಆಜ್ಞೆಯ ಮೇರೆಗೆ, ಅವರ ತಪ್ಪೊಂದನ್ನು ಸವಿಸ್ತಾರವಾಗಿ ಹೇಳುವ ವಿಚಿತ್ರ ಭಾಗ್ಯ ನಮ್ಮ ಪಾಲಿಗೆ ಬಂದಿದೆ. ಮೂರು ಶನಿವಾರ ಅವರ ಅಡುಗೆಮನೆಯಲ್ಲಿ ಕುಳಿತು, ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡದ್ದರ ಫಲ ಇದು.

ಮಂಜಯ್ಯನವರ ಹುಟ್ಟೂರು ಕುಂದಾಪುರದ ಬಳಿಯ ಬಸ್ರೂರು. ತಂದೆ ಪಾಂಡುರಂಗ ಮೇಸ್ತ್ರಿ ಗಾರೆ ಕೆಲಸದವರು. ಸಿಮೆಂಟು ಊರೆಲ್ಲ ಆವರಿಸಿದ ಮೇಲೂ ಹಳೇ ಬಾವಿಕಟ್ಟೆ, ಹಳೇ ಮನೆಯ ಕಮಾನು ಬಾಗಿಲು ಬಿರುಕು ಬಿಟ್ಟರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವರನ್ನೇ. ಚಿಪ್ಪು ಸುಟ್ಟ ಸುಣ್ಣ, ಹೆಂಚಿನ ಪುಡಿಯ ಸುರ್ಕಿ, ಅಳಲೆಕಾಯಿ ನೆನೆಸಿದ ನೀರು, ಕೊನೆಗೆ ಬೆಲ್ಲದ ನೀರು. ಮಂಜಯ್ಯನವರು ಬಾಲ್ಯದಲ್ಲಿ ಅಪ್ಪನ ಜೊತೆ ಈ ಗಾರೆ ಅರೆದವರೇ. ಆದರೆ ಇಪ್ಪತ್ತೇಳರ ವಯಸ್ಸಿನಲ್ಲಿ ಲಂಡನ್ನಿಗೆ ಬಂದದ್ದು ಗಾರೆಯ ಕೆಲಸಕ್ಕಲ್ಲ, ಊರಿನವರೊಬ್ಬರ ಹೋಟೆಲಿನಲ್ಲಿ ಹಿಟ್ಟು ರುಬ್ಬುವುದಕ್ಕೆ. ಆರು ವರ್ಷ ಅದನ್ನೇ ಮಾಡಿದರು.

ಲ್ಯಾಬಿಗೆ ಸೇರಿದ ಬಗೆ ತಮಾಷೆಯದು. ೧೯೯೨ರಲ್ಲಿ ಕಾಲೇಜಿನ ಯಾವುದೋ ಸಭೆಗೆ ಊಟದ ಪಾರ್ಸೆಲ್ ತಂದವರು ದಾರಿ ತಪ್ಪಿ ಲ್ಯಾಬಿಗೆ ನುಗ್ಗಿದರು. ಅಲ್ಲಿ ನಾಲ್ವರು ವಿದ್ಯಾರ್ಥಿಗಳು ಕಾಂಕ್ರೀಟು ಕಲಸಿ, ತಗಡಿನ ಅಚ್ಚಿಗೆ ತುಂಬಿ, ಅಚ್ಚನ್ನು ಎತ್ತುತ್ತಿದ್ದರು. ಪ್ರತಿ ಸಲವೂ ಅದು ಪಚಕ್ಕನೆ ಕುಸಿದು ನೆಲವೆಲ್ಲ ಹರಡುತ್ತಿತ್ತು. ಪಾರ್ಸೆಲ್ ಕೆಳಗಿಟ್ಟು ಮಂಜಯ್ಯನವರು ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದರಂತೆ, ಇದು ದೋಸೆ ಹಿಟ್ಟಾಗಿದೆ, ನಿಮಗೆ ಬೇಕಾದದ್ದು ಇಡ್ಲಿ ಹಿಟ್ಟು. ದೋಸೆ, ಇಡ್ಲಿ ಏನೆಂದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಇವರು ತೋಳು ಮಡಚಿ ಹೊಸದಾಗಿ ಕಲಸಿಕೊಟ್ಟರು. ಅಚ್ಚು ಎತ್ತಿದರೆ ಕಾಂಕ್ರೀಟು ಅಲ್ಲಾಡದೆ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲ್ಯಾಬಿನ ಹಿರಿಯ ತಂತ್ರಜ್ಞರು, ಒಬ್ಬ ಬಿಳಿಮೀಸೆಯ ಇಂಗ್ಲಿಷ್ ಮುದುಕ, ಮಾರನೆಯ ವಾರವೇ ಹೋಟೆಲಿಗೆ ಬಂದು ಇವರನ್ನು ಕೇಳಿಕೊಂಡು ಹೋದರು. ಹೋಟೆಲಿನ ಯಜಮಾನರಿಗೆ ಒಳ್ಳೆಯ ರುಬ್ಬುವವನು ಹೋದನೆಂಬ ಸಂಕಟ ಇವತ್ತಿಗೂ ಇದೆ.

ಅಲ್ಲಿಂದಾಚೆಗಿನ ಸೇವೆಯನ್ನು ವರ್ಷವರ್ಷವಾಗಿ ವಿವರಿಸಿದರೆ ಸಂಪುಟ ಎರಡಾದೀತು. ಒಂದು ಪದ್ಧತಿಯನ್ನು ಮಾತ್ರ ಹೇಳಲೇಬೇಕು. ಲ್ಯಾಬಿನಲ್ಲಿ ಪ್ರತಿ ಮಿಶ್ರಣದಿಂದಲೂ ನಾಲ್ಕಂಗುಲದ ಕ್ಯೂಬುಗಳನ್ನು ಎರಕ ಹೊಯ್ದು, ಇಪ್ಪತ್ತೆಂಟನೆಯ ದಿನ ಯಂತ್ರದಲ್ಲಿಟ್ಟು ಒಡೆದು, ಎಷ್ಟು ಭಾರ ತಡೆಯಿತೆಂದು ಬರೆದುಕೊಳ್ಳುತ್ತಾರೆ. ಒಡೆದದ್ದು ಕಸಕ್ಕೆ ಹೋಗುತ್ತದೆ. ಮಂಜಯ್ಯನವರು ಪ್ರತಿ ವಿದ್ಯಾರ್ಥಿಯ ಮೊದಲ ಮಿಶ್ರಣದಿಂದ ಒಂದು ಕ್ಯೂಬನ್ನು ಹೆಚ್ಚಿಗೆ ಹೊಯ್ದು, ಕೆಂಪು ಬಣ್ಣದಲ್ಲಿ ಹೆಸರು ಬರೆದು, ಒಡೆಯದೆ ಕಪಾಟಿನಲ್ಲಿಡುತ್ತಿದ್ದರು. ಪದವಿ ಮುಗಿಸಿ ಹೊರಡುವ ದಿನ ಅದನ್ನು ಕೈಗೆ ಕೊಡುತ್ತಿದ್ದರು. ವಿಮಾನದಲ್ಲಿ ಎರಡೂವರೆ ಕಿಲೋ ಕಾಂಕ್ರೀಟು ಹೊತ್ತು ಊರಿಗೆ ಹೋಗಿ, ಅಮ್ಮಂದಿರಿಂದ ಬೈಸಿಕೊಂಡವರು ನಮ್ಮಲ್ಲಿ ಕೆಲವರಿದ್ದೇವೆ. ಇಲ್ಲೇ ಹುಟ್ಟಿ ಬೆಳೆದು, ಈಗ ಕ್ಯಾನರಿ ವಾರ್ಫಿನ ಕಚೇರಿಯೊಂದರಲ್ಲಿ ಕಟ್ಟಡಗಳ ಲೆಕ್ಕಾಚಾರ ಮಾಡುವ ಸ್ಮೃತಿಯ ಮೇಜಿನ ಮೇಲೆ ಅವಳ ಕ್ಯೂಬ್ ಇದೆ. ಮಂಜಯ್ಯನವರು ಕನ್ನಡದಲ್ಲಿ ಹೇಳಿಕೊಟ್ಟದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಆ ಹುಡುಗಿ ಮೊನ್ನೆ ಸಿಕ್ಕಾಗ, "ಅಂಕಲ್, ಐ ಕಾಂಟ್ ವಾಕ್ ಪಾಸ್ಟ್ ಎ ವಾಲ್ ವಿದೌಟ್ ಟಚಿಂಗ್ ಇಟ್. ಯುವರ್ ಫಾಲ್ಟ್" ಎಂದು ಅವರನ್ನೇ ಗದರಿದಳು.

ಇನ್ನು ಸುಪ್ರೀತಾ. ಬೆಲ್ಲದ ಕಥೆ ಇವಳದು ಮತ್ತು ಮಂಜಯ್ಯನವರದು.

ಬೆಂಗಳೂರಿನಿಂದ ಸ್ಟೂಡೆಂಟ್ ವೀಸಾದ ಮೇಲೆ ಬಂದ ಸುಪ್ರೀತಾ ಸಂಶೋಧನೆಗೆ ಆರಿಸಿಕೊಂಡದ್ದು ರೋಮನ್ ಕಮಾನು ಚಾವಣಿಯನ್ನು. ಬ್ರಿಟನ್ನಿನಲ್ಲಿ ಬೆಂಕಿಬೆಟ್ಟವಿಲ್ಲ, ಆದ್ದರಿಂದ ಬೂದಿಯೂ ಇಲ್ಲ. ಇಲ್ಲಿಗೆ ಬಂದ ರೋಮನ್ನರು ಅದರ ಬದಲಿಗೆ ಹೆಂಚು ಕುಟ್ಟಿ ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿದರು. ಅಂಥ ಗಾರೆಯಿಂದಲೇ, ಸಿಮೆಂಟು ಕಬ್ಬಿಣ ಎರಡೂ ಇಲ್ಲದೆ, ಎಂಟಡಿ ಅಗಲದ ಕಮಾನನ್ನು ಕಾಲೇಜಿನ ಹಿತ್ತಲಲ್ಲಿ ಕಟ್ಟಿ ಪರೀಕ್ಷಿಸುವುದು ಅವಳ ಯೋಜನೆ. ಹೆಂಚಿನ ಪುಡಿಯ ಚೀಲ ಬಿಚ್ಚಿದಾಗ ಮಂಜಯ್ಯನವರು ಅದನ್ನು ಮೂಗಿನ ಹತ್ತಿರ ಹಿಡಿದು, "ಇದ್ ಸುರ್ಕಿ ಅಲ್ದಾ!" ಎಂದು ಕೂಗಿಬಿಟ್ಟರು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ ಅಪ್ಪನ ವಿದ್ಯೆ ಲಂಡನ್ನಿನ ಕಾಲೇಜಿಗೆ ಬಂತಲ್ಲ ಎಂದು ಅವರಿಗಾದ ಸಂತೋಷ ಅಷ್ಟಿಷ್ಟಲ್ಲ.

೨೦೧೬ರ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಗಾರೆ ಬಿಗಿಯುವತನಕ ಕಮಾನನ್ನು ಹೊರುವ ಮರದ ಸೆಂಟ್ರಿಂಗ್ ಕಟ್ಟಿ, ಅದರ ಕೆಳಗೆ ಜೋಡಿ ಬೆಣೆಗಳನ್ನು ಕೊಟ್ಟು, ಎರಡು ಬುಡಗಳಿಂದಲೂ ಸಮಸಮನಾಗಿ ಮೇಲೇರುತ್ತ ಒಂಬತ್ತು ದಿನ ಗಾರೆ ಹಾಕಿದರು. ರೋಮನ್ನರು ನಮ್ಮಂತೆ ಕಾಂಕ್ರೀಟು ಸುರಿಯುತ್ತಿರಲಿಲ್ಲ. ಒಂದು ಪದರ ಗಾರೆ, ಒಂದು ಸಾಲು ಕಲ್ಲು, ಮತ್ತೆ ಗಾರೆ, ಹೀಗೆ ಕೈಯಾರೆ ಕೂರಿಸಿ ಕುಟ್ಟುತ್ತಿದ್ದರು. ಬುಡಕ್ಕೆ ಭಾರದ ಕಲ್ಲು, ಮೇಲೆ ಹೋದಂತೆ ಹಗುರದ್ದು, ನೆತ್ತಿಗೆ ನೀರಲ್ಲಿ ತೇಲುವ ನೊರೆಗಲ್ಲು. ಕಮಾನಿನ ಹೆಗಲಿನ ಭಾರ ಇಳಿಸಲು ಖಾಲಿ ಜಾಡಿಗಳನ್ನು ಗಾರೆಯೊಳಗೇ ಹುದುಗಿಸುವ ರೂಢಿಯೂ ಅವರಲ್ಲಿತ್ತು. ಅದಕ್ಕೆ ತಕ್ಕ ಜಾಡಿ ಎಲ್ಲಿಯೂ ಸಿಗದೆ ಸುಪ್ರೀತಾ ಸಪ್ಪೆ ಮೋರೆ ಹಾಕಿಕೊಂಡಿದ್ದಾಗ ಮಂಜಯ್ಯನವರು ಮನೆಯಿಂದ ಉಪ್ಪಿನಕಾಯಿಯ ಭರಣಿಗಳನ್ನು ತೊಳೆದು ತಂದುಕೊಟ್ಟರು. ಅಂದು ಸಂಜೆ ಅವರ ಶ್ರೀಮತಿ ಪ್ರಫುಲ್ಲಾ ಅಡುಗೆಮನೆಯಿಂದ ಕೇಳಿದರು: "ಹ್ವಾಯ್, ನನ್ನ ಭರಣಿ ಒಂದೂ ಕಾಂತಿಲ್ಲೆ. ಎಲ್ಲ್ ಹಾಕಿರಿ?"

"ಕಮಾನಿನ ಒಳ್ಗ್ ಇತ್ತ್."

"ಯಾವ್ ಕಮಾನ್? ಹಾಂಗಾರೆ ಈ ಸರ್ತಿ ಮಿಡಿ ಎಂತರಲ್ಲ್ ಹಾಕುದ್, ನಿಮ್ಮ ತಲಿ ಮೇಲಾ?"

ಆ ಐದು ಭರಣಿಗಳು ಈಗಲೂ ಕಮಾನಿನ ಹೆಗಲಲ್ಲೇ ಇವೆ.

ಒಂಬತ್ತನೆಯ ದಿನ ನೆತ್ತಿ ಮುಚ್ಚಬೇಕಿತ್ತು. ಅಪ್ಪನ ಕಾಲದಲ್ಲಿ ಕಮಾನಿನ ನೆತ್ತಿಯ ಗಾರೆಗೆ ಬೆಲ್ಲದ ನೀರು ಬೀಳದೆ ಕೆಲಸ ಮುಗಿಯುತ್ತಿರಲಿಲ್ಲ. ಬೆಲ್ಲ ಹಾಕಿದ ಗಾರೆ ಬೆಣ್ಣೆಯಂತೆ ಹದವಾಗುತ್ತದೆ, ಬಿರಿಯುವುದಿಲ್ಲ ಎಂಬ ಅನುಭವ ಒಂದು ಕಡೆ, ಶುಭವೆಂಬ ನಂಬಿಕೆ ಇನ್ನೊಂದು ಕಡೆ. ಹಿಂದಿನ ದಿನವೇ ಮಂಜಯ್ಯನವರು ಮನೆಯಲ್ಲಿ ಅರ್ಧ ಕಿಲೋದ ಎರಡು ಅಚ್ಚು ಬೆಲ್ಲ ಕರಗಿಸಿ ಕ್ಯಾನಿಗೆ ತುಂಬಿಟ್ಟಿದ್ದರು. ಅಂದು ಬೆಳಿಗ್ಗೆ ಮಿಶ್ರಣ ಕಲಸಿ, ನಿಯಮದಂತೆ ಕ್ಯೂಬುಗಳನ್ನು ಹೊಯ್ದು, ಸುಪ್ರೀತಾ ಫೋನಿಗೆಂದು ಆಚೆ ಹೋದಾಗ ಉಳಿದ ಗಾರೆಗೆ ಬೆಲ್ಲದ ನೀರು ಸುರಿದು, ಕಣ್ಣುಮುಚ್ಚಿ ಅಪ್ಪನನ್ನು ನೆನೆದು, ನೆತ್ತಿ ಮುಚ್ಚಿದರು. ಲ್ಯಾಬಿನ ರಿಜಿಸ್ಟರಿನಲ್ಲಿ ಮಿಶ್ರಣಕ್ಕೆ ಬಿದ್ದ ಪ್ರತಿಯೊಂದನ್ನೂ ತೂಕ ಸಮೇತ ಬರೆಯಬೇಕೆಂಬ ಕಟ್ಟುನಿಟ್ಟಿನ ನಿಯಮ ಮಾಡಿದವರೇ ಅವರು. ಬೆಲ್ಲವನ್ನು ಬರೆಯಲಿಲ್ಲ. ಶಾಸ್ತ್ರಕ್ಕೆ ಹಾಕಿದ್ದನ್ನು ಯಾರಾದರೂ ಬರೆಯುತ್ತಾರೆಯೇ ಎಂದು ಅಂದುಕೊಂಡರಂತೆ.

ಇಲ್ಲೇ ಅವರು ಎಡವಿದ್ದು. ಬಸ್ರೂರಿನ ಚಿಪ್ಪಿನ ಸುಣ್ಣ ಹೇಗೂ ತಿಂಗಳುಗಟ್ಟಲೆ ಗಾಳಿ ಕುಡಿದು ಗಟ್ಟಿಯಾಗುವಂಥದ್ದು. ಬೆಲ್ಲ ಅದನ್ನು ಇನ್ನಷ್ಟು ತಡ ಮಾಡಿದರೂ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಸುಪ್ರೀತಾ ತರಿಸಿದ್ದು ನೀರು ಸೋಕಿದರೆ ತಾನಾಗಿ ಬಿಗಿಯುವ ಸುಣ್ಣ. ಸಕ್ಕರೆಯ ಅಂಶ ಅದರ ಬಿಗಿತವನ್ನೇ ಹಿಡಿದು ನಿಲ್ಲಿಸುತ್ತದೆ. ಲ್ಯಾಬಿನಲ್ಲಿ ಚಹಾ ಕುಡಿದ ಲೋಟವನ್ನು ಮಿಶ್ರಣದ ಹತ್ತಿರ ತರಬೇಡಿ ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದ ಮನುಷ್ಯನಿಗೆ, ಬೆಲ್ಲವೂ ಸಕ್ಕರೆಯ ಜಾತಿಯದೇ ಎಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಇಪ್ಪತ್ತೆಂಟನೆಯ ದಿನ, ನವೆಂಬರಿನ ಒಂದು ಗುರುವಾರ. ಕ್ಯೂಬುಗಳನ್ನು ಒಡೆದು ನೋಡಿ ಆಗಿತ್ತು; ಬೆಲ್ಲ ಸೋಕದ ಆ ಕ್ಯೂಬುಗಳು ಭೇಷಾಗಿ ಗಟ್ಟಿಯಾಗಿದ್ದವು. ಸೆಂಟ್ರಿಂಗ್ ಬಿಚ್ಚುವುದನ್ನು ನೋಡಲು ಹೊರಗಿನಿಂದ ಇಬ್ಬರು ಪರೀಕ್ಷಕರು, ವಿಭಾಗದ ಮುಖ್ಯಸ್ಥರು, ಹತ್ತಾರು ವಿದ್ಯಾರ್ಥಿಗಳು ಹಿತ್ತಲಲ್ಲಿ ಸೇರಿದ್ದರು. ಜನವರಿ ಕೊನೆಗೆ ಸುಪ್ರೀತಾಳ ವೀಸಾ ಮುಗಿಯುವುದಿತ್ತು. ಇನ್ನೊಂದು ಕಮಾನು ಕಟ್ಟಲು ಸಮಯವೂ ಇರಲಿಲ್ಲ, ಸುಣ್ಣವೂ ಇರಲಿಲ್ಲ. ಅವಳು ತಲೆಗೆ ಹೆಲ್ಮೆಟ್ ಹಾಕಿ, ಮರದ ಕೊಡತಿ ಹಿಡಿದು, ಬೆಣೆ ಬಡಿಯಲು ಕಮಾನಿನ ಕೆಳಗೆ ಬಗ್ಗಿ ನಿಂತಿದ್ದಳು.

ಮಂಜಯ್ಯನವರು ಒದ್ದೆ ಗೋಣಿಗಳನ್ನು ತೆಗೆಯಲು ಮೇಲೆ ಹತ್ತಿದ್ದರು. ಕೊನೆಯ ಗೋಣಿ ಎತ್ತಿದಾಗ ನೆತ್ತಿಯ ಮೇಲೆ ಅದರ ನೇಯ್ಗೆಯ ಗುರುತು ಅಚ್ಚೊತ್ತಿತ್ತು. ಹೆಬ್ಬೆರಳು ಒತ್ತಿದರು. ಉಗುರು ಒಳಗೆ ಇಳಿಯಿತು.

ಆ ಒಂದು ಕ್ಷಣದಲ್ಲಿ ತಲೆಯಲ್ಲಿ ಏನೇನು ಓಡಿತೆಂದು ಅವರು ನಮಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕೆಳಗೆ ಮಗಳ ವಯಸ್ಸಿನ ಹುಡುಗಿ. ಮೇಲೆ ಟನ್ನುಗಟ್ಟಲೆ ಕಲ್ಲು. ಹೊಟ್ಟೆ ನೋವೆಂದೋ, ಸೆಂಟ್ರಿಂಗ್ ಸರಿಯಿಲ್ಲವೆಂದೋ ಏನಾದರೊಂದು ಹೇಳಿ ನಿಲ್ಲಿಸಬಹುದಿತ್ತು. ಹಾಗೆ ಮಾಡಿದ್ದರೆ ಗಾರೆ ಬಿಗಿಯದ ತಪ್ಪು ಸುಪ್ರೀತಾಳ ಲೆಕ್ಕಾಚಾರದ ತಲೆಗೆ ಕಟ್ಟುತ್ತಿತ್ತು. "ಡೋಂಟ್ ಟಚ್ ದ ವೆಡ್ಜ್!" ಎಂದು ಅವರು ಕಿರುಚಿದ್ದು ಆಚೆ ಬೀದಿಯವರೆಗೂ ಕೇಳಿಸಿತಂತೆ. ಇಳಿದು ಬಂದವರೇ ಮುಖ್ಯಸ್ಥರ ಮುಂದೆ ನಿಂತು, ತಾನು ನೆತ್ತಿಯ ಗಾರೆಗೆ ಬೆಲ್ಲ ಹಾಕಿದ್ದಾಗಿ ಹೇಳಿದರು. ಬೆಲ್ಲ ಎಂದರೇನೆಂದು ಆತ ಕೇಳಿದರು. ಮಂಜಯ್ಯನವರು "ಶುಗರ್, ಸರ್" ಎಂದರು.

ಎಷ್ಟು ಹಾಕಿದಿರಿ ಎಂಬ ಪ್ರಶ್ನೆ ಬಂತು. ಬಾಯಿಗೆ ಬಂದದ್ದು "ಒನ್ ಬ್ಲಾಕ್". ಹಾಕಿದ್ದು ಎರಡು.

ಯಾಕೆ ಹಾಗೆಂದಿರಿ ಎಂದು ನಾವು ಕೇಳಿದೆವು. ಒಂದು ಎಂದರೆ ಶಾಸ್ತ್ರ, ಎರಡು ಎಂದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ ಎಂಬ ಹೆದರಿಕೆ. ಇಪ್ಪತ್ತನಾಲ್ಕು ವರ್ಷದ ಕೆಲಸ ಅಲ್ಲೇ ಹೋಯಿತೆಂದುಕೊಂಡರು. ಮುಖ್ಯಸ್ಥರ ಮುಂದೆಯೇ ರಿಜಿಸ್ಟರಿನಲ್ಲಿ 'ಬೆಲ್ಲ: ಒಂದು ಅಚ್ಚು' ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಒಂದು ಸಲ ಬರೆದದ್ದನ್ನು ಆಮೇಲೆ ತಿದ್ದುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು.

ಅಂದು ಎಲ್ಲರೂ ಹೋದ ಮೇಲೆ ಸುಪ್ರೀತಾ ಬೈಯಲಿಲ್ಲ. ಕೊಡತಿಯನ್ನು ಕೆಳಗಿಟ್ಟು, "ನಂಗೆ ಒಂದು ಮಾತು ಹೇಳ್ಬೋದಿತ್ತಲ್ಲ ಮಂಜಣ್ಣ, ಒಂದೇ ಒಂದು ಮಾತು" ಎಂದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ ಮಂಜಯ್ಯನವರು ಈಗಲೂ.

ವಿಚಾರಣೆ ನಡೆಯಿತು. ತಪ್ಪು ಸಂಪೂರ್ಣವಾಗಿ ತನ್ನದು, ವಿದ್ಯಾರ್ಥಿನಿಗೆ ಗೊತ್ತೇ ಇರಲಿಲ್ಲ ಎಂದು ಮಂಜಯ್ಯನವರು ಎರಡು ಪುಟ ಬರೆದುಕೊಟ್ಟರು. ಆ ಪತ್ರದ ಆಧಾರದ ಮೇಲೆ ಕಾಲೇಜು ಸುಪ್ರೀತಾಳಿಗೆ ಹೆಚ್ಚಿನ ಅವಧಿ ಕೊಟ್ಟಿತು, ವೀಸಾ ಮುಂದಕ್ಕೆ ಹೋಯಿತು. ಅದೇ ಪತ್ರದಿಂದ ಮಂಜಯ್ಯನವರಿಗೆ ಲಿಖಿತ ಎಚ್ಚರಿಕೆ, ಮೂರು ತಿಂಗಳು ಲ್ಯಾಬಿನಿಂದ ಹೊರಗೆ ಸ್ಟೋರಿನಲ್ಲಿ ಕೆಲಸ. ಮುಂದಿನ ವರ್ಷ ಸಿಗಲಿದ್ದ ಮುಖ್ಯ ತಂತ್ರಜ್ಞರ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಇದರ ಬಗ್ಗೆ ಅವರು ಒಂದು ದಿನವೂ ತುಟಿ ಬಿಚ್ಚಿದವರಲ್ಲ. ನಮಗೆ ಹೇಳಿದ್ದು ಪ್ರಫುಲ್ಲಾ ಅವರು.

ಕಮಾನನ್ನು ಒಡೆಯಬೇಕೆಂದು ಮುಖ್ಯಸ್ಥರು, ಕಾಯೋಣವೆಂದು ಮಂಜಯ್ಯನವರು. "ತಡ ಆತ್ತ್ ಸರ್, ಕೆಡುದಿಲ್ಲ" ಎಂಬ ಒಂದೇ ಮಾತನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿ ಹೇಳಿ ಅವರನ್ನು ಸೋಲಿಸಿದರು. ಆ ಚಳಿಗಾಲ ಹಿಮ ಬಿದ್ದು ಹಸಿ ಗಾರೆ ಒಡೆಯುವ ಭಯವಿತ್ತು. ಪ್ರತಿದಿನ ಬೆಳಿಗ್ಗೆ ಏಳಕ್ಕೆ, ಸ್ಟೋರಿನ ಕೆಲಸಕ್ಕೆ ಒಂದು ಗಂಟೆ ಮೊದಲು ಬಂದು, ಗೋಣಿ ಸರಿಸಿ, ನೆತ್ತಿ ಮುಟ್ಟಿ ನೋಡಿ, ಮತ್ತೆ ಹೊದಿಸಿ ಹೋಗುತ್ತಿದ್ದರು. ಗೋಣಿ ಸಾಲದಾದಾಗ ಮನೆಯ ರಜಾಯಿಗಳು ಬಂದವು. ಡಿಸೆಂಬರಿನ ಒಂದು ಬೆಳಿಗ್ಗೆ ಸುಪ್ರೀತಾ ಹಿತ್ತಲಿಗೆ ಬಂದು ನೋಡುತ್ತಾಳೆ, ಅವಳ ಕಮಾನು ನವಿಲಿನ ಚಿತ್ರದ ಹಸಿರು ರಜಾಯಿ ಹೊದ್ದುಕೊಂಡು ಮಲಗಿದೆ. ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. ಮಾರನೆಯ ದಿನ ಏಳಕ್ಕೆ ಎರಡು ಲೋಟ ಚಹಾ ಹಿಡಿದು ಬಂದಳು. ಆಮೇಲೆ, ನೆತ್ತಿಗೆ ಉಗುರು ಇಳಿಯದಂತಾದ ಮೇ ತಿಂಗಳವರೆಗೆ, ದಿನವೂ ಬಂದಳು.

೨೦೧೭ರ ಜೂನಿನಲ್ಲಿ ಅದೇ ಪರೀಕ್ಷಕರು ಮತ್ತೆ ಬಂದರು. ಬೆಣೆಗಳನ್ನು ಒಂದೊಂದಾಗಿ ಸಡಿಲಿಸುತ್ತ ಹೋದ ಸುಪ್ರೀತಾ, ಕೊನೆಯ ಬೆಣೆಯ ಮುಂದೆ ನಿಂತು, ಹಿಂದೆ ತಿರುಗಿ, ಕೊಡತಿಯನ್ನು ಮಂಜಯ್ಯನವರ ಕೈಗೆ ಕೊಟ್ಟಳು. ಅವರು ಬಡಿದರು. ಸೆಂಟ್ರಿಂಗ್ ಕೆಳಗೆ ಸರಿಯಿತು, ಕಮಾನು ಎರಡು ಮಿಲಿಮೀಟರ್ ಇಳಿದು ನಿಂತಿತು. ಪರೀಕ್ಷಕರು ಚಪ್ಪಾಳೆ ತಟ್ಟುತ್ತಿದ್ದರೆ ಇವರಿಬ್ಬರೂ ಎಲ್ಲರೆದುರೇ ಗಳಗಳನೆ ಅತ್ತರು. ಇಂದಿಗೂ ಮಳೆ ಬಂದರೆ ಕಾಲೇಜಿನ ಮಕ್ಕಳು ಅದರ ಕೆಳಗೆ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಾರೆ.

ಸುಪ್ರೀತಾ ಡಾಕ್ಟರಾದಳು, ಅದೇ ವಿಭಾಗದಲ್ಲಿ ಅಧ್ಯಾಪಕಿಯಾದಳು, ಇನ್ನು ಮುಂದೆ ಬಹುವಚನದಲ್ಲೇ ಹೇಳಬೇಕಾದಷ್ಟು ದೊಡ್ಡವರಾದರು. ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಸೊಗಸಾದ ಅಭಿನಂದನ ಲೇಖನವಾಗುತ್ತಿತ್ತು. ಆದರೆ ಈ ವರ್ಷ ಮಾರ್ಚಿನಲ್ಲಿ, ಕ್ಯಾಂಟೀನಿನಲ್ಲಿ ಮಾತಾಡುತ್ತ ಮಂಜಯ್ಯನವರು, ಪ್ರಬಂಧದ ಉಳಿದ ಅಧ್ಯಾಯಗಳೆಲ್ಲ ಅಚ್ಚಾದವಲ್ಲ, ಬೆಲ್ಲ ಬಿಗಿತವನ್ನು ಎಷ್ಟು ತಡ ಮಾಡಿತೆಂದು ಲೆಕ್ಕ ಹಾಕಿದ ಬೆಲ್ಲದ ಅಧ್ಯಾಯ ಯಾಕೆ ಆಗಲಿಲ್ಲ ಎಂದು ಸುಮ್ಮನೆ ಕೇಳಿದರು. ಸುಪ್ರೀತಾ ನಕ್ಕು ಹೇಳಿದರು: "ಅದು ಬೇಡ ಬಿಡಿ ಮಂಜಣ್ಣ. ಒಂದು ಅಚ್ಚು ಬೆಲ್ಲಕ್ಕೆ ಫೆಬ್ರವರಿಗೇ ಸೆಟ್ ಆಗ್ಬೇಕಿತ್ತು, ಆಗಿದ್ದು ಮೇನಲ್ಲಿ. ಮೂರು ಸಲ ಲ್ಯಾಬಲ್ಲಿ ಮಾಡಿ ನೋಡ್ದೆ, ಟ್ಯಾಲಿ ಆಗ್ಲೇ ಇಲ್ಲ. ಎಲ್ಲೋ ನನ್ನ ರೀಡಿಂಗೇ ತಪ್ಪಿದೆ. ಅವತ್ತಿಂದ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ, ಎಲ್ಲಾನೂ ಎರಡೆರಡು ಸಲ ಅಳೀತೀನಿ."

ತನ್ನ ಹೆದರಿಕೆಯ ಒಂದು ಸುಳ್ಳು ತನ್ನನ್ನಷ್ಟೇ ಕಾಡುತ್ತಿದೆ ಎಂದು ಮಂಜಯ್ಯನವರು ಅಂದುಕೊಂಡಿದ್ದರು. ಅದು ಈ ಹುಡುಗಿಯ ಕೈಯನ್ನೇ ಒಂಬತ್ತು ವರ್ಷ ಹಿಡಿದುಕೊಂಡಿತ್ತು. ಮನೆಗೆ ಬಂದು ಹೆಂಡತಿಗೆ ಮೊದಲ ಬಾರಿ ನಿಜ ಹೇಳಿದರು. ಪ್ರಫುಲ್ಲಾ ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಎರಡ್ ಅಂದ್ ಹೇಳುಕೆ ಒಂಬತ್ ವರ್ಷ ಬೇಕಾಯ್ತಾ ನಿಮ್ಗೆ? ನಾಳೆಯೇ ಹೋಯ್ ಹೇಳಿ" ಎಂದರು. ನಾಳೆ ಆಗಲಿಲ್ಲ. ನಾಲ್ಕು ತಿಂಗಳು ದಿನಾ ಬಾಯಿ ತೆರೆದು ದಿನಾ ಮುಚ್ಚಿದರು. ನಿವೃತ್ತಿಯ ದಿನದ ಮಾಲೆ ಶಾಲುಗಳನ್ನು ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹೀಗಿರುವಾಗ ಶಿವಪ್ರಕಾಶರು ಸಂಪುಟದ ಸುದ್ದಿ ಹೊತ್ತು ಹೋದದ್ದು. ಅಚ್ಚಿನಲ್ಲಿ ಬರುತ್ತದೆ ಎಂದಾದ ಮೇಲೆ ಹೇಳದೆ ವಿಧಿಯಿಲ್ಲ. ಹೆದರುಪುಕ್ಕಲ ಮನಸ್ಸಿಗೆ ತಾವೇ ಹಾಕಿಕೊಂಡ ಬೇಲಿ ಅದು.

ಜುಲೈನ ಒಂದು ಶನಿವಾರ ಸುಪ್ರೀತಾರನ್ನು ಕಮಾನಿನ ಕೆಳಗೆ ಕರೆದರು. ಪೀಠಿಕೆ ಹಾಕಲಿಲ್ಲ.

"ಒಂದಲ್ಲ ಸುಪ್ರೀತಾ. ಎರಡ್ ಅಚ್ಚ್ ಹಾಕಿದ್ದೆ."

ಸುಪ್ರೀತಾ ಅವರನ್ನು ನೋಡಿದರು, ನೆತ್ತಿಯನ್ನು ನೋಡಿದರು, ಆಮೇಲೆ ಫೋನ್ ತೆಗೆದು ಲೆಕ್ಕ ಹಾಕತೊಡಗಿದರು. ಮಂಜಯ್ಯನವರಿಗೆ ಆ ಐದು ನಿಮಿಷ ಸ್ಟೋರಿನ ಮೂರು ತಿಂಗಳಿಗಿಂತ ಉದ್ದವಾಯಿತು. ಕೊನೆಗೆ ಸುಪ್ರೀತಾ ತಲೆಯೆತ್ತಿದಾಗ ಕಣ್ಣು ತುಂಬಿತ್ತು.

"ಬರ್ತಿದೆ ಮಂಜಣ್ಣ. ಕರೆಕ್ಟಾಗಿ ಮೇ ತಿಂಗ್ಳಿಗೇ ಬರ್ತಿದೆ. ನನ್ನ ಕೈ ಸರಿಯಾಗೇ ಇತ್ತು!" ಎಂದರು. ಮರುಗಳಿಗೆಗೇ ಧ್ವನಿ ಏರಿತು. "ಒಂಬತ್ತು ವರ್ಷ ಕಣ್ರೀ! ದಿನಾ ನನ್ನ ಕೈಲಿ ಚಹಾ ಇಸ್ಕೊಂಡು ಕುಡಿದ್ರಲ್ಲ!"

"ಬೈಯಿ" ಎಂದರು ಮಂಜಯ್ಯನವರು. "ಪೂರ್ತಿ ಬೈಯಿ. ಅವತ್ತಿಂದೂ ಬಾಕಿ ಇತ್ತ್."

ಅವರು ಬೈದರು. ಬೆಂಗಳೂರಿನ ಹೆಣ್ಣುಮಗಳು ಮನಸಾರೆ ಬೈಯುವುದು ಹೇಗೆಂದು ಬಲ್ಲವರಿಗೆ ವಿವರ ಬೇಕಿಲ್ಲ. ಬೈದು ಮುಗಿದ ಮೇಲೆ ಒಳಗೆ ಹೋಗಿ ೨೦೧೬ರ ಹಳೇ ರಿಜಿಸ್ಟರ್ ತಂದು, ಪುಟ ತೆರೆದು, ಪೆನ್ನು ಕೊಟ್ಟರು. ಮಂಜಯ್ಯನವರು 'ಒಂದು' ಎಂಬುದರ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದಲು ಸಿಗುವಂತೆಯೇ ಬಿಟ್ಟು, ಪಕ್ಕದಲ್ಲಿ 'ಎರಡು' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಹಾಗೆಯೇ ತಿದ್ದಬೇಕೆಂದು ಮೂವತ್ಮೂರು ವರ್ಷ ಮಕ್ಕಳಿಗೆ ಕಲಿಸಿದವರು ಅವರೇ. ಆ ವಾರವೇ ಮುಖ್ಯಸ್ಥರಿಗೂ ತಾವಾಗಿ ಹೋಗಿ ಹೇಳಿದರು.

ನಮ್ಮಲ್ಲಿ ಬಹಳ ಮಂದಿ ಮಂಜಯ್ಯನವರಿಗೆ ಬಹಳ ವಿಷಯಕ್ಕೆ ಋಣಿಗಳು. ತೂಕ ಹಿಡಿಯಲು ಕಲಿಸಿದ್ದಕ್ಕೆ, ಎರಕದ ದಿನ ಹಸಿದು ನಿಂತವರಿಗೆ ತಮ್ಮ ಡಬ್ಬಿಯ ನೀರುದೋಸೆ ಹಂಚಿದ್ದಕ್ಕೆ, ಒಡೆಯದೆ ಉಳಿಸಿಕೊಟ್ಟ ಒಂದೊಂದು ಕ್ಯೂಬಿಗೆ. ಅವುಗಳ ಜೊತೆಗೆ ಇದಕ್ಕೂ ಕೃತಜ್ಞರಾಗಿದ್ದೇವೆ: ಶಾಲು ಹೊದೆಯುವ ಮೊದಲು ಪುಟ ತಿದ್ದಿದ್ದಕ್ಕೆ.

ಸುಪ್ರೀತಾ ಬೆಲ್ಲದ ಅಧ್ಯಾಯವನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಕಳೆದ ವಾರ ಹೊಸ ಕ್ಯೂಬುಗಳ ಎರಕವಾಯಿತು. ಬೆಲ್ಲವನ್ನು ತೂಗಿದವರು, ಕರಗಿಸಿದವರು, ಈ ಸಲ ಎಲ್ಲಕ್ಕಿಂತ ಮೊದಲು ಬರೆದವರು ಮಂಜಯ್ಯನವರು. ಒಂದೊಂದು ಕ್ಯೂಬನ್ನೂ ಯಾವ ದಿನ ಒಡೆಯಬೇಕು, ಯಾರು ಒಡೆಯಬೇಕು ಎಂದು ರಿಜಿಸ್ಟರಿನಲ್ಲಿ ಮುಂಚಿತವಾಗಿ ನಮೂದಿಸುವುದು ವಾಡಿಕೆ. ಅವರಿಗೆ ದೀರ್ಘಾಯುಷ್ಯ ಕೋರಲು, ಕೈಯ ಕಸುಬು ಸದಾ ಸಾಗಲೆಂದು ಹಾರೈಸಲು ನಾವು ತಕ್ಕ ಮಾತು ಹುಡುಕುತ್ತಿದ್ದೆವು. ರಿಜಿಸ್ಟರಿನ ಕೊನೆಯ ಸಾಲಿನಲ್ಲಿ ಸುಪ್ರೀತಾ ನಮಗಿಂತ ಚೆನ್ನಾಗಿ ಅದನ್ನು ಬರೆದುಬಿಟ್ಟಿದ್ದಾರೆ. 'ಹತ್ತು ವರ್ಷದ ಕ್ಯೂಬ್. ಒಡೆಯುವ ತಿಂಗಳು: ಸೆಪ್ಟೆಂಬರ್ ೨೦೩೫. ಒಡೆಯುವವರು: ಮಂಜಯ್ಯ.' ಎದುರಿಗೆ, ಒಪ್ಪಿಗೆಯ ಅಂಕಣದಲ್ಲಿ, ಮಂಜಯ್ಯನವರ ಸಹಿ ಇದೆ.